ಚಿಕ್ಕಹನುಮಕ್ಕನ ನೆತ್ತರು

“ನೀರು ಆರೋಯ್ತೈತೆ ಕಣಮ್ಮ, ಹುಯ್ಯಾನ ಬಾ,” ಎಂದು ಕದಿರಮ್ಮಜ್ಜಿ ಹಂಡೆಗೆ ತಂಬಿಗೆ ಅದ್ದಿದಳು. ರಾಧಾಮಣಿ ಅವಳ ಮಣಿಕಟ್ಟು ಹಿಡಿದು ತಡೆದಳು.

“ಒಂಚೂರು ತಡಿ ಅಜ್ಜಿ. ಜೀಪು ಬಂದ್ಬುಡ್ಲಿ.”

ಹಿತ್ತಲ ಹೊಂಗೆಮರಕ್ಕೂ ಬಚ್ಚಲುಗೋಡೆಗೂ ಹಳೆ ಸೀರೆಗಳನ್ನು ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ರಾಧಾಮಣಿಯ ಅವ್ವ ಚಿಕ್ಕಹನುಮಕ್ಕ ಮಲಗಿದ್ದಳು. ನಸುಕಿಗೆ ಮುಂಚೆ ಫಿಟ್ಸ್ ಬಂದು, ಹಲ್ಲು ಕಚ್ಚಿಕೊಂಡು, ಹಾಗೇ ಹೋಗಿಬಿಟ್ಟಿದ್ದಳು. ಈಗ ಚನ್ನರಾಯನದುರ್ಗದ ಕೋಟೆಗೋಡೆಯ ಮೇಲಿಂದ ಬಿಸಿಲು ಇಳಿದು ಹಿತ್ತಲಿಗೆ ಬಂದಿತ್ತು. ಹೆಂಗಸಿನ ಹೆಣಕ್ಕೆ ನೀರು ಹಾಕುವ ಮರೆಯೊಳಗೆ ಗಂಡಸರು ಕಾಲಿಡುವಂತಿಲ್ಲ. ಹೊರಗೆ ನಿಂತು ಕೂಗಬಹುದು, ಅಷ್ಟೇ. ಸೋದರಮಾವ ನರಸಿಂಹರಾಜು ಅದನ್ನೇ ಮಾಡುತ್ತಿದ್ದ. ಪಂಚಾಯಿತಿಯಲ್ಲಿ ನೀರು ಬಿಡುವವನು ಅವನು. ಕೂಗಿ ಕೂಗಿ ಗಂಟಲು ಪಳಗಿತ್ತು.

“ಲೇ ರಾಧಾ, ಗುಣಿ ತೋಡಿದೋರು ಬಂದು ಬೀಡಿ ಸೇದ್ತಾ ಕುಂತವ್ರೆ. ತಮಟೆಯೋರು ಕಾಯಿಸಿದ್ದನ್ನೇ ಕಾಯಿಸ್ತಾವ್ರೆ. ನಿಮ್ಮವ್ವಂಗೆ ಮೈ ತೊಳಿಯಾಕೂ ಮುಹೂರ್ತ ನೋಡ್ತಿದ್ದೀಯೇನೇ?”

“ಜೀಪು ಬರ್ಬೇಕು ಮಾವ.”

“ಆ ಕಾಗೆ ಹಿಡಿಯೋರ ಜೀಪಾ? ಅವ್ರು ಬಂದು ಹೆಗಲು ಕೊಡ್ತಾರಾ?”

“ಹೆಗಲು ಬ್ಯಾಡ. ಅವ್ವನ ನೆತ್ತರು ಒಸಿ ತಗಂಡೋಗಿ ನೋಡ್ಲಿ. ಯಾತರಿಂದ ಸತ್ಲು ಅಂತ ಗೊತ್ತಾಗ್ಲಿ. ಮಣ್ಣಿಗಿಟ್ಟ ಮ್ಯಾಕೆ ಯಾರನ್ನ ಕೇಳಾನ?”

ಸೀರೆಯ ಆಚೆ ನರಸಿಂಹರಾಜುವಿನ ದನಿ ಇಳಿಯಿತು. ಏರಿದಾಗಿನದಕ್ಕಿಂತ ಇಳಿದಾಗಲೇ ಅದು ಹೆಚ್ಚು ಭಯ ಹುಟ್ಟಿಸುತ್ತಿತ್ತು.

“ಹೆಣಕ್ಕೆ ಸೂಜಿ ಚುಚ್ಚುಸ್ತೀಯಾ? ಆಸ್ಪತ್ರೆಯೋರು ಆ ಕೈಗೆ ಚುಚ್ಚಿ ಚುಚ್ಚಿ ನೀಲಿ ಮಾಡಿ ಕಳ್ಸಿದ್ದು ಸಾಲ್ದಾ? ನಾನ್ ಬದುಕಿರೋಗಂಟ ಅದಾಗಕಿಲ್ಲ. ನಮ್ಮಕ್ಕ ಹೆಂಗವ್ಳೋ ಹಂಗೇ ಮಣ್ಣಿಗೋಗ್ಬೇಕು.”

ರಾಧಾಮಣಿ ವೈ.ಎನ್.ಹೊಸಕೋಟೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಎಷ್ಟೋ ಜನರ ನರ ಹುಡುಕಿ ರಕ್ತ ತೆಗೆದವಳು. ಅವ್ವನಿಗೆ ಸಕ್ಕರೆ ಕಾಯಿಲೆ, ಉಬ್ಬಸಕ್ಕೆ ನುಂಗುತ್ತಿದ್ದ, ರೋಗ ತಡೆಯುವ ಶಕ್ತಿ ತಗ್ಗಿಸುವ ಮಾತ್ರೆ, ಅದರ ಮೇಲೆ ಕಣ್ಣು ಮಂಜಾಗಿದ್ದು, ಕೈ ನಡುಗಿದ್ದು, ಫಿಟ್ಸು ಬಂದದ್ದು. ಎಲ್ಲವನ್ನೂ ಬೇರೆ ಬೇರೆಯಾಗಿ ನೋಡಿದ ಡಾಕ್ಟರುಗಳು ಬೇರೆ ಬೇರೆ ಮಾತ್ರೆ ಬರೆದಿದ್ದರು. ‘ಈ ಟೆಸ್ಟ್ ಮಾಡಿಸಿ ಸಾರ್’ ಎಂದು ಅವಳೇ ಹೆಸರು ಹೇಳಿ ಕೇಳಿದಾಗ, ‘ಮೊದಲು ಸ್ಕ್ಯಾನ್ ಆಗಲಿ, ಅದು ಇಲ್ಲಿ ಮಾಡಲ್ಲ’ ಎಂದಿದ್ದರು. ಸ್ಕ್ಯಾನಿನ ಸರದಿ ಬರುವ ಮುಂಚೆ ಸಾವಿನ ಸರದಿ ಬಂತು. ಬೆಳಿಗ್ಗೆಯಿಂದ ಅವಳು ಫೋನು ಮಾಡಿದ ಖಾಸಗಿ ಲ್ಯಾಬುಗಳಲ್ಲಿ ಒಂದೂ ಸತ್ತವರ ರಕ್ತ ಮುಟ್ಟಲು ಒಪ್ಪಿರಲಿಲ್ಲ.

ಆ ಪರೀಕ್ಷೆಯನ್ನು ದಿನಾ ಮಾಡುತ್ತಿದ್ದವರು ಈ ಸೀಮೆಯಲ್ಲಿ ಒಂದೇ ತಂಡದವರು. ಅವರು ಅದನ್ನು ಮಾಡುತ್ತಿದ್ದುದು ಕಾಗೆಗೆ, ಕೊಕ್ಕರೆಗೆ, ನರಿಗೆ, ಹೆಗ್ಗಣಕ್ಕೆ.

*

ಆ ತಂಡ ಮೊದಲ ಸಲ ಊರಿಗೆ ಬಂದಾಗ ಅರಳಿಕಟ್ಟೆಯ ಮುಂದೆ ಜನ ಸೇರಿಸಿ ಪ್ರಸನ್ನ ಕುಮಾರ್ ಎಂಬ ಅಧಿಕಾರಿ ಮಾತಾಡಿದ್ದ. ಸೌಮ್ಯ ಮನುಷ್ಯ, ಇಸ್ತ್ರಿ ಮಾಡಿದ ಷರಟು. ಬೆಕ್ಕಿನ ಜಾತಿಯ ಪ್ರಾಣಿಗಳ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಒಂದು ಪರೋಪಜೀವಿ ಇದೆ, ಅದು ಹೇಲಿನಲ್ಲಿ ಹೊರಬಿದ್ದು ಮಣ್ಣು ಸೇರುತ್ತದೆ, ನೀರು ಸೇರುತ್ತದೆ; ಮಣ್ಣು ಕೆದಕುವ ಹಕ್ಕಿಗೂ, ಹೆಗ್ಗಣ ತಿನ್ನುವ ನರಿಗೂ, ಕೊನೆಗೆ ಮನುಷ್ಯನಿಗೂ ಬರುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ. ಮೈ ಸೋತವರಿಗೆ ಮಾತ್ರ ಮಿದುಳಿಗೆ, ಕಣ್ಣಿಗೆ ಏರಬಹುದು. ಬಸುರಿಯರಿಗೆ ಒಳ್ಳೆಯದಲ್ಲ.

“ಹಾಗಾಗಿ ನಾವು ಕಾಡುಪ್ರಾಣಿ, ಪಕ್ಷಿಗಳ ರಕ್ತ ಪರೀಕ್ಷೆ ಮಾಡ್ತೀವಿ. ಅವುಗಳಿಗೆ ತಗುಲಿದ್ರೆ, ಅದೇ ಮಣ್ಣಿನಲ್ಲಿರೋ ನಿಮಗೂ ಅಪಾಯ ಇದೆ ಅಂತ ಗೊತ್ತಾಗುತ್ತೆ,” ಎಂದಿದ್ದ ಅವನು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ ಚಿಕ್ಕಹನುಮಕ್ಕ ಕೇಳಿದ್ದಳು: “ನಮ್ಗೆ ಬಂದೈತಾ ಅಂತ ತಿಳ್ಕಳಾಕೆ ಕಾಗೆ ಯಾಕೆ ಸಾ ಹಿಡೀಬೇಕು? ಅದು ಮ್ಯಾಲೆ ಹಾರೋಯ್ತದೆ. ನಾವ್ ಇಲ್ಲೇ ಇದ್ದೀವಿ. ನಮ್ದೇ ನೋಡ್ಬುಡಿ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕಿದ್ದರು. ಪ್ರಸನ್ನ ಕುಮಾರನೂ ನಕ್ಕು, “ಒಳ್ಳೇ ಪ್ರಶ್ನೆ ಕೇಳಿದ್ರಿ ಅಮ್ಮ,” ಎಂದು ಜೀಪಿನ ಕಡೆ ನಡೆದಿದ್ದ.

ಆ ವಾರವೇ ಅವಳು ಅವರ ಕೆಲಸಕ್ಕೆ ಸೇರಿದಳು. ತೋವಿನಕೆರೆಯ ಹತ್ತಿರ ಖಾಲಿ ಬಿದ್ದಿದ್ದ ರೇಷ್ಮೆಹುಳುವಿನ ಮನೆಯೊಂದನ್ನು ಅವರು ಬಾಡಿಗೆಗೆ ಹಿಡಿದಿದ್ದರು. ಮಧುಗಿರಿಯ ಬಂಡೆಸಾಲಿನ ನರಿ, ಶಿರಾದ ಕೆರೆಯಂಗಳದ ಕೊಕ್ಕರೆ, ಪಾವಗಡದ ಕಡಲೆಕಾಯಿ ಹೊಲದ ಹೆಗ್ಗಣ, ಕೊರಟಗೆರೆಯ ತಿಪ್ಪೆಯ ಕಾಗೆ, ಎಲ್ಲದರ ರಕ್ತ ಅಲ್ಲಿಗೆ ಬರುತ್ತಿತ್ತು. ಅಡಿಗೆ ಮಾಡಲು ಹೋದವಳು ಬರಬರುತ್ತಾ ಬೋನೂ ತೊಳೆಯುವವಳಾದಳು. ಒಂದು ಸಲ ರಜೆಗೆ ಬಂದ ರಾಧಾಮಣಿ ಅವಳನ್ನು ನೋಡಲು ಅಲ್ಲಿಗೆ ಹೋದಾಗ, ಅವ್ವ ಕಾಡುಬೆಕ್ಕಿನ ಬೋನಿನೊಳಕ್ಕೆ ಭುಜದ ತನಕ ಕೈ ತೂರಿಸಿ, ಒಣಗಿ ಗಟ್ಟಿಯಾದ ಹೇಲನ್ನು ತೆಂಗಿನ ನಾರಿನಲ್ಲಿ ಕೆರೆಯುತ್ತಿದ್ದಳು. ಧೂಳು ಮುಖದ ತುಂಬ. ಬರಿಗೈ.

“ಅಲ್ಲಿ ಪೆಟ್ಟಿಗೆ ತುಂಬ ಗ್ಲೌಸ್ ಐತಲ್ಲವ್ವ!”

“ಅವು ರಕ್ತ ತೆಗ್ಯೋರಿಗೆ ಕಣೆ. ಹೇಲು ಬಾಚೋರಿಗಲ್ಲ.” ಅವ್ವ ಕೈಯ ಹಿಂಬದಿಯಿಂದ ಮೂಗು ಒರೆಸಿಕೊಂಡಿದ್ದಳು. “ಇದೇನ್ ನಂಗೆ ಹೊಸದಾ? ನಿಮ್ಮಪ್ಪನ ಕಾಲದಾಗೆ ಗೌಡ್ರ ಕೊಟ್ಟಿಗೇಲಿ ಏನ್ ಬೆಣ್ಣೆ ಬಾಚ್ತಿದ್ನಾ?”

ರಾಧಾಮಣಿ ಅಂದೇ ಪ್ರಸನ್ನ ಕುಮಾರನ ಹತ್ತಿರ ಹೋಗಿ ಜಗಳ ಮಾಡಿದ್ದಳು. ಅವನು ಒಪ್ಪಿಕೊಂಡ. ಮಾರನೆಯ ದಿನ ಒಂದು ಜೊತೆ ಕೈಗವಸು ಬಂತು. ಒಂದೇ ಜೊತೆ. ಅದು ಹರಿಯುವ ತನಕ ಅವ್ವ ಹಾಕಿಕೊಂಡಿದ್ದಳು.

*

ಜೀಪು ಬಂದಾಗ ಮನೆಯ ಮುಂದಿನ ಚಪ್ಪರದಡಿ ಕೂತಿದ್ದವರು ಎದ್ದು ದಾರಿ ಬಿಟ್ಟರು. ಪ್ರಸನ್ನ ಕುಮಾರ್ ಸುಗಂಧರಾಜದ ಹಾರ ಹಿಡಿದು ಇಳಿದ. ಹಿಂದಿನಿಂದ ಇಳಿದ ರಂಗೇಶನ ಕಣ್ಣು ಕೆಂಪಗಿತ್ತು. ಶಿರಾದ ಹುಡುಗ, ತಂಡದಲ್ಲಿ ಬಲೆ ಹಾಕುವವನು. ಚಿಕ್ಕಹನುಮಕ್ಕ ಮಾಡಿದ ಮುದ್ದೆ ಉಂಡು ದಪ್ಪವಾದವನು ಎಂದು ಅವನನ್ನು ಅವಳೇ ಆಡಿಕೊಳ್ಳುತ್ತಿದ್ದಳು.

ರಾಧಾಮಣಿ ಹಿತ್ತಲಿಂದ ಸುತ್ತಿ ಬಂದು ಅವರೆದುರು ನಿಂತಳು.

“ಕಿಟ್ ತಂದಿದ್ದೀರಾ ಸಾರ್?”

“ಸಿಸ್ಟರ್, ಮೊದಲು ಅಮ್ಮನ್ನ ನೋಡ್ಕೊಂಡು...”

“ಒಳಗೆ ನೀರು ಹಾಕ್ಬೇಕು. ನೀವು ರಕ್ತ ತಗೊಂಡ ಮೇಲೆ ಹಾಕ್ತಾರೆ. ಫೋನಲ್ಲಿ ಹೇಳಿದ್ನಲ್ಲ.”

ಪ್ರಸನ್ನ ಕುಮಾರ್ ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. “ನೋಡಿ, ನಮಗೆ ಅನುಮತಿ ಇರೋದು ಕಾಡುಪ್ರಾಣಿಗೆ, ಪಕ್ಷಿಗೆ. ಮನುಷ್ಯರದ್ದು ಮುಟ್ಟಬೇಕಂದ್ರೆ ಬೇರೆ ಕಮಿಟಿ ಒಪ್ಪಬೇಕು. ಇಲ್ಲಾಂದ್ರೆ ಇಡೀ ಕೆಲಸವೇ ನಿಂತುಹೋಗುತ್ತೆ.”

“ಆ ಕಮಿಟಿಗೆ ಕೇಳಿದ್ರಾ?”

“ಮುಂದಿನ ಹಂತದಲ್ಲಿ ಕೇಳ್ಬೇಕು ಅಂತ...”

“ನಮ್ಮವ್ವ ಈ ಹಂತದಾಗೇ ಸತ್ತೋದ್ಲು ಸಾರ್.”

ಚಪ್ಪರದಡಿ ಯಾರೋ ಕೆಮ್ಮಿದರು. ಪ್ರಸನ್ನ ಕುಮಾರ್ ಧ್ವನಿ ತಗ್ಗಿಸಿದ. “ಒಂದು ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ಟೆಸ್ಟಲ್ಲಿ ಇದೆ ಅಂತ ಬಂದರೂ ಅದರಿಂದಲೇ ಸತ್ತರು ಅಂತ ಆಗಲ್ಲ. ಈ ಊರಲ್ಲಿ ಎಷ್ಟೋ ಜನರ ಮೈಯಲ್ಲಿ ಇರಬಹುದು.”

“ಅದು ನಂಗೂ ಗೊತ್ತು. ಇದ್ರೆ ಇದೆ ಅಂತ ಹೇಳಿ, ಇಲ್ಲಾಂದ್ರೆ ಇಲ್ಲ ಅಂತ ಹೇಳಿ. ಅದು ಬಿಟ್ಟು ನಾನೇನೂ ಕೇಳ್ತಿಲ್ಲ. ರಸ್ತೆ ಮೇಲೆ ಲಾರಿಗೆ ಸಿಕ್ಕಿ ಸತ್ತ ನರಿ ಕಂಡ್ರೆ ಜೀಪ್ ನಿಲ್ಸಿ, ಎದೆಗೆ ಸೂಜಿ ಹಾಕಿ ನೆತ್ತರು ತಗೀತಿದ್ರಿ. ಅವ್ವನೇ ನೊಣ ಹೊಡೀತಾ ಪಕ್ಕದಾಗೆ ಕೂರ್ತಿದ್ಲು. ಸತ್ತ ನರಿಗೆ ಆಗೋದು ನಮ್ಮವ್ವಂಗೆ ಯಾಕಾಗಲ್ಲ?”

ಪ್ರಸನ್ನ ಕುಮಾರ್ ಬಾಯಿ ತೆರೆದ. ಅಷ್ಟರಲ್ಲಿ ನರಸಿಂಹರಾಜು ನಡುವೆ ಬಂದ.

“ನೀವ್ ಸುಮ್ಕಿರಿ ಸಾ. ಇವ್ಳಿಗೆ ಬುದ್ಧಿ ಕೆಟ್ಟೈತೆ. ನೀವು ಹಾರ ಹಾಕಿ, ಕೈ ಮುಗ್ದು, ಹೊರಡಿ.” ಅವನು ರಾಧಾಮಣಿಯ ರಟ್ಟೆ ಹಿಡಿದು ತಿರುಗಿಸಿದ. “ಹೋಗಿ ನೀರು ಹುಯ್ಯಿ. ನಡಿ.”

ಒಬ್ಬನ ಬಾಯಲ್ಲಿ ಕಾನೂನು, ಇನ್ನೊಬ್ಬನ ಬಾಯಲ್ಲಿ ಶಾಸ್ತ್ರ. ಎರಡೂ ಸೇರಿ ಅವಳನ್ನು ಹಿತ್ತಲಿಗೆ ತಳ್ಳಿದವು. ಅವ್ವ ಇದ್ದಷ್ಟು ಕಾಲ ಅವಳ ಮೈ ಯಾರಿಗೂ ದೊಡ್ಡದಾಗಿರಲಿಲ್ಲ. ಬಿಸಿಲಿಗಿಟ್ಟರು, ಸಗಣಿಗಿಟ್ಟರು, ಬೋನಿನೊಳಕ್ಕಿಟ್ಟರು. ಈಗ ಉಸಿರು ನಿಂತ ಮೇಲೆ ಆ ಮೈಗೆ ಒಂದು ಸೂಜಿ ತಾಗಬಾರದೆಂದು ಎಲ್ಲರಿಗೂ ಎಲ್ಲಿಲ್ಲದ ಕಾಳಜಿ.

*

ಕದಿರಮ್ಮಜ್ಜಿ ಸೀಗೆಪುಡಿ ಕಲಸುತ್ತಿದ್ದಳು. ಅಷ್ಟರಲ್ಲಿ ಹಿತ್ತಲಗೋಡೆಯ ಆಚೆಯಿಂದ, “ಅಕ್ಕ... ಒಂದ್ ಚೊಂಬು ನೀರು,” ಎಂದು ರಂಗೇಶನ ದನಿ ಕೇಳಿತು. ರಾಧಾಮಣಿ ಚೊಂಬು ಹಿಡಿದು ಹೋದಳು. ಅವನು ನೀರು ತೆಗೆದುಕೊಳ್ಳಲಿಲ್ಲ. ಗೋಡೆಯ ಮೇಲೆ ಸಣ್ಣ ಪೊಟ್ಟಣ ಇಟ್ಟ. ಸಿರಿಂಜು, ಸೂಜಿ, ಹಳದಿ ಮುಚ್ಚಳದ ಒಂದು ಟ್ಯೂಬು.

“ನೀವೇ ತಗೀರಿ ಅಕ್ಕ. ನಮ್ ಟೆಸ್ಟು ಯಾವ ಪ್ರಾಣೀದು ಅಂತ ಕೇಳಲ್ಲ. ನರಿ ಆದ್ರೂ ಟೆಸ್ಟಿಗೆ ಹಾಕೋದು ಒಂದೇ ಮದ್ದು, ನವಿಲಾದ್ರೂ ಒಂದೇ ಮದ್ದು. ಮನುಷ್ಯರದ್ದೂ ಅದ್ರಾಗೇ ಗೊತ್ತಾಗ್ತದೆ.”

“ನಿಮ್ ಸಾರು?”

“ಐಸ್ ಬಾಕ್ಸ್ ನನ್ನ ಕೈಲೈತೆ. ಒಳಗೆ ಎರಡು ಸ್ಟ್ಯಾಂಡು. ನೀಲಿ ಮುಚ್ಚಳ ಹಕ್ಕಿಗೆ, ಹಳದಿ ಪ್ರಾಣಿಗೆ. ಹಳದಿ ನಡುವೆ ಇದನ್ನ ಇಟ್ಬುಡ್ತೀನಿ. ಮೇಲೆ ಚೀಟೀಲಿ ನರಿ ಅಂತ ಬರೀರಿ, ಸಾಕು. ಏನ್ ಬಂತು ಅಂತ ನಾನೇ ಫೋನ್ ಮಾಡಿ ಹೇಳ್ತೀನಿ. ಜಲ್ದಿ ಮಾಡಿ, ಹುಡುಕ್ತಾರೆ.”

ಅವಳು ಪೊಟ್ಟಣ ಸೆರಗಿಗೆ ಹಾಕಿಕೊಂಡು ಮರೆಯೊಳಕ್ಕೆ ಬಂದಳು. ಕದಿರಮ್ಮಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. ನೀರು ಹಾಕಲು ನಿಂತಿದ್ದ ಇನ್ನಿಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಜ್ಜಿ, ನಾನು...”

“ನಂಗೇನೂ ಹೇಳ್ಬ್ಯಾಡ. ನಂಗೆ ಕಣ್ಣು ಕಾಣಾಕಿಲ್ಲ ಅಂತ ಊರಿಗೇ ಗೊತ್ತು.” ಅಜ್ಜಿ ಹಿಂದಕ್ಕೆ ತಿರುಗಿ ಗದರಿದಳು. “ಏನ್ರೇ ಹಂಗೆ ನಿಂತ್ಕಂಡಿದ್ದೀರಿ? ಸತ್ತಿರೋದು ನಿಮ್ಮ ಓರಗಿತ್ತಿಯಲ್ವಾ? ಒಸಿ ಜೋರಾಗಿ ಅಳ್ರೇ. ಸೂಜಿ ಬಿದ್ದ ಸದ್ದೂ ಆಚೆಗೆ ಕೇಳ್ಬಾರ್ದು.”

ಹೆಂಗಸರು ದನಿ ಎತ್ತಿದರು. “ಅಯ್ಯೋ ನನ್ನಕ್ಕಯ್ಯಾ, ಹದ್ದಿಗೆ ಡಾಕುಟ್ರು, ಹೆಗ್ಗಣಕ್ಕೆ ಡಾಕುಟ್ರು, ನಿಂಗ್ಯಾರೂ ಇಲ್ದಂಗೋದ್ರಲ್ಲಾ!” ಎಂದು ಒಬ್ಬಳು ಹಾಡಿ ಅಳುತ್ತಿದ್ದಂತೆ, ಇನ್ನೊಬ್ಬಳು ಸೀರೆಯ ಸಂದುಗಳನ್ನು ಬಿಗಿಯಾಗಿ ಹಿಡಿದು ನಿಂತಳು. ಹೊರಗೆ ಗಂಡಸರು, “ಈಗ ಬಂತು ನೋಡು ಅಳು,” ಎಂದುಕೊಂಡರು.

ಸತ್ತವರ ಕೈಯ ನರದಲ್ಲಿ ರಕ್ತ ನಿಲ್ಲುವುದಿಲ್ಲ. ರಾಧಾಮಣಿ ಸೀರೆ ಸರಿಸಿ ತೊಡೆಸಂದಿಯಲ್ಲಿ ಬೆರಳೂರಿದಳು. ಅಲ್ಲಿ ಬಡಿಯಬೇಕಾದದ್ದು ಬಡಿಯುತ್ತಿರಲಿಲ್ಲ. ಲೆಕ್ಕದ ಮೇಲೆ ಜಾಗ ಹಿಡಿಯಬೇಕಾಯಿತು. ಮೊದಲ ಸಲ ಏನೂ ಬರಲಿಲ್ಲ. ಎರಡನೆಯ ಸಲ ಸೂಜಿ ಇಳಿಸಿ ಎಳೆದಾಗ ಕಪ್ಪಗೆ, ನಿಧಾನವಾಗಿ, ಕಾಕಂಬಿಯ ಹಾಗೆ ಏರಿತು. ಟ್ಯೂಬಿಗೆ ಬಿಟ್ಟು ಮುಚ್ಚಳ ಒತ್ತಿದಳು. ಸೂಜಿ ಚುಚ್ಚಿದ ಜಾಗಕ್ಕೆ ಕದಿರಮ್ಮಜ್ಜಿ ಯಾರೂ ಹೇಳದೆಯೇ ಒಂದು ಚಿಟಿಕೆ ಅರಿಸಿನ ಮೆತ್ತಿದಳು.

ಗೋಡೆಯ ಹತ್ತಿರ ರಂಗೇಶ ಪೆನ್ನು ಹಿಡಿದು ಕಾಯುತ್ತಿದ್ದ. “ನರಿ ಅಂತ ಬರೀರಿ ಅಕ್ಕ. ಜಾಗ ಚನ್ನರಾಯನದುರ್ಗ.”

ರಾಧಾಮಣಿ ಟ್ಯೂಬನ್ನು ಗೋಡೆಯ ಮೇಲೆ ಇಟ್ಟುಕೊಂಡಳು. ನರಿ ಎಂದು ಬರೆಯಲು ಎರಡೇ ಅಕ್ಷರ. ಬರೆದರೆ ಇದು ಹೋಗುತ್ತದೆ, ಪರೀಕ್ಷೆಯಾಗುತ್ತದೆ, ಉತ್ತರ ಬರುತ್ತದೆ. ನಾಳೆ ಯಾವುದೋ ಸಭೆಯಲ್ಲಿ ಪರದೆಯ ಮೇಲೆ ಕೊರಟಗೆರೆಯ ಒಂದು ನರಿಗೆ ಸೋಂಕು ತಗುಲಿದ್ದು ಕಂಡುಬಂದಿದೆ ಎಂದು ಬರುತ್ತದೆ. ಅದು ಚಿಕ್ಕಹನುಮಕ್ಕ ಎಂದು ಅವಳಿಗೂ ರಂಗೇಶನಿಗೂ ಗೊತ್ತಿರುತ್ತದೆ. ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಯಾರನ್ನೂ ಕೇಳುವಂತೆಯೂ ಇರುವುದಿಲ್ಲ.

ಅವಳು ಬರೆದಳು. ಜಾಗ ಸಾಲದೆ ಅಕ್ಷರಗಳು ಚೀಟಿಯನ್ನು ಸುತ್ತಿಕೊಂಡು ಹೋದವು: ಚಿಕ್ಕಹನುಮಕ್ಕ. ಹೆಂಗಸು. ಐವತ್ತೆಂಟು ವರ್ಷ. ಬೋನು ತೊಳೆಯುವ ಕೆಲಸ.

ರಂಗೇಶ ತಲೆ ಮೇಲೆ ಕೈ ಹೊತ್ತ. “ಅಕ್ಕ! ಇಂಗೆ ಬರೆದ್ರೆ ಲ್ಯಾಬೋರು ಎಸೆದ್ಬುಡ್ತಾರೆ.”

“ಎಸೆಯೋರು ಓದಿ ಎಸೀಲಿ.”

ಅವನು ಟ್ಯೂಬನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಜೀಪಿನ ಕಡೆ ಹೋದ. ರಾಧಾಮಣಿ ಒಳಗೆ ಬಂದು ಅಜ್ಜಿಯ ಕೈಯಿಂದ ತಂಬಿಗೆ ಇಸಕೊಂಡು ಅವ್ವನ ತಲೆಗೆ ನೀರು ಹುಯ್ದಳು.

*

ಚಟ್ಟ ಎತ್ತಿದಾಗ ಬಿಸಿಲು ಇಳಿಮುಖವಾಗಿತ್ತು. ಓಣಿ ಕಿರಿದು. ಜೀಪಿಗೆ ಮುಂದೆ ಹೋಗಲು ಜಾಗವಿಲ್ಲದೆ ಅದು ಹೆಣದ ಹಿಂದೆಯೇ, ತಮಟೆಯ ನಡಿಗೆಯಲ್ಲೇ ಬರಬೇಕಾಯಿತು. ಡ್ರೈವರು ಹಾರನ್ ಮಾಡಲಾರದೆ ಕೂತಿದ್ದ.

“ನೋಡ್ಲಾ, ಚಿಕ್ಕಹನುಮಕ್ಕಂಗೆ ಎಸ್ಕಾರ್ಟು!” ಎಂದು ಚಟ್ಟಕ್ಕೆ ಹೆಗಲು ಕೊಟ್ಟವನೊಬ್ಬ ಅಂದ. ಹೆಗಲು ಕೊಟ್ಟ ಇನ್ನೊಬ್ಬ, “ಮಂತ್ರಿ ಸತ್ರೂ ಇಂಗೆ ಬರಾಕಿಲ್ಲ,” ಎಂದ. ನರಸಿಂಹರಾಜು ಇಬ್ಬರನ್ನೂ ಬೈದ.

ಊರಾಚೆ ಮೂರುದಾರಿ ಕೂಡುವಲ್ಲಿ ಹೆಣ ಇಳಿಸುವುದು ವಾಡಿಕೆ. ಅಲ್ಲಿ ಒಂದು ಗಳಿಗೆ ನೆಲಕ್ಕಿಟ್ಟು, ಹೊತ್ತವರು ಹೆಗಲು ಬದಲಿಸಿ, ತಲೆಯ ದಿಕ್ಕು ತಿರುಗಿಸಿ, ಮತ್ತೆ ಎತ್ತುತ್ತಾರೆ. ಎಡಕ್ಕೆ ಹೋದರೆ ಮಸಣ, ಬಲಕ್ಕೆ ಕೊರಟಗೆರೆಯ ರಸ್ತೆ. ಚಟ್ಟ ಇಳಿಸುತ್ತಿದ್ದಂತೆ ಜೀಪೂ ಹಿಂದೆ ನಿಂತಿತು. ದಾರಿ ಬಿಡುವ ತನಕ ಐಸು ನೋಡಿಬಿಡೋಣವೆಂದು ಪ್ರಸನ್ನ ಕುಮಾರ್ ಹಿಂಬದಿಯ ಬಾಗಿಲು ತೆಗೆಸಿದ. ರಂಗೇಶ ಬೇಡ ಎನ್ನಲು ಕಾರಣ ಹುಡುಕುವಷ್ಟರಲ್ಲಿ ಮುಚ್ಚಳ ತೆರೆದಿತ್ತು.

ರಾಧಾಮಣಿ ತಿರುಗಿದಾಗ ಪ್ರಸನ್ನ ಕುಮಾರ್ ಅವಳತ್ತಲೇ ಬರುತ್ತಿದ್ದ. ಕೈಯಲ್ಲಿ ಟ್ಯೂಬು.

“ಏನ್ ಸಿಸ್ಟರ್ ಇದು? ನಾನು ಅಷ್ಟು ಹೇಳಿದ ಮೇಲೂ? ಇದನ್ನ ನಾನು ತಗೊಂಡು ಹೋಗೋ ಹಾಗಿಲ್ಲ. ಹಿಡ್ಕೊಳ್ಳಿ.”

ಅವಳು ಕೈ ಚಾಚಲಿಲ್ಲ. “ನರಿ ಅಂತ ಬರೆದಿದ್ರೆ ಹೋಗ್ತಿತ್ತು ಅಲ್ವಾ ಸಾರ್?”

“ಅದು ಪ್ರಶ್ನೆ ಅಲ್ಲ.”

“ಅದೇ ಪ್ರಶ್ನೆ.”

ತಮಟೆ ನಿಂತಿತು. ನರಸಿಂಹರಾಜು ಬಂದು, ಏನೆಂದು ಕೇಳದೆ, ಪ್ರಸನ್ನ ಕುಮಾರನ ಬೆರಳುಗಳ ನಡುವಿನ ಚೀಟಿಯತ್ತ ಬಗ್ಗಿ ನೋಡಿದ. ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದ. “ಚಿಕ್... ಕ... ಹನುಮಕ್ಕ. ಹೆಂಗಸು.” ಅವನ ಮುಖ ಮೊದಲು ರಾಧಾಮಣಿಯ ಕಡೆ ತಿರುಗಿತು.

“ಚುಚ್ಚೇಬುಟ್ಟೆ ಅಲ್ವಾ?”

“ಹೂಂ ಮಾವ.”

“ನಿನ್ನ ಆಮ್ಯಾಕೆ ವಿಚಾರಿಸ್ಕಂತೀನಿ.” ಅವನು ಪ್ರಸನ್ನ ಕುಮಾರನ ಕಡೆ ತಿರುಗಿದ. “ಇದ್ರಾಗಿರೋದು ನಮ್ಮಕ್ಕನ ನೆತ್ತರಾ ಸಾ?”

“ಹೌದು. ಆದ್ರೆ ನಮ್ಮ ನಿಯಮ...”

“ನಮ್ಮಕ್ಕ ನಿಮ್ಮ ಬೋನು ತೊಳೀತಿದ್ಲಲ್ಲ, ಅದು ಯಾವ ನಿಯಮ ಸಾ?”

ಪ್ರಸನ್ನ ಕುಮಾರ್ ಟ್ಯೂಬನ್ನು ಅವನತ್ತ ಚಾಚಿದ. ನರಸಿಂಹರಾಜು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡ. ಪ್ರಸನ್ನ ಕುಮಾರ್ ಅದನ್ನು ಕದಿರಮ್ಮಜ್ಜಿಯ ಕಡೆ ಚಾಚಿದ. ಅವಳು ಎರಡೂ ಕೈ ಸೆರಗಿನೊಳಕ್ಕೆ ಎಳೆದುಕೊಂಡು, “ನಂಗ್ ಕಾಣಾಕಿಲ್ಲ ಸಾಮಿ,” ಎಂದಳು. ಜೀಪಿನ ಹತ್ತಿರ ನಿಂತಿದ್ದ ರಂಗೇಶ ನೆಲ ನೋಡುತ್ತಿದ್ದ.

“ಬ್ಯಾಡದಿದ್ರೆ ಚೆಲ್ಲಿ ಸಾರ್,” ಎಂದಳು ರಾಧಾಮಣಿ. “ಮುಚ್ಚಳ ತೆಗೆದು, ಇಲ್ಲೇ, ಅವ್ವನ ತಲೆದೆಸೆಗೆ ಚೆಲ್ಲಿ. ಎಲ್ರೂ ನೋಡ್ಲಿ.”

ಅವನು ಚೆಲ್ಲಲಿಲ್ಲ. ಜೀಪಿನ ಕಡೆ ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ.

ಹೊತ್ತವರು ಹೆಗಲ ಬಟ್ಟೆ ಸರಿಮಾಡಿಕೊಂಡು ಚಟ್ಟಕ್ಕೆ ಬಗ್ಗಿದರು. “ಎತ್ಬ್ಯಾಡ್ರಲಾ,” ಎಂದ ನರಸಿಂಹರಾಜು. ಅವನು ಜೀಪಿಗೂ ಚಟ್ಟಕ್ಕೂ ನಡುವೆ, ಮಣ್ಣಿನ ಮೇಲೆ, ಪಂಚೆ ಮಡಿಚಿ ಕೂತ. “ಈ ನೆತ್ತರನ್ನ ಎಲ್ಲಿಡ್ತಾರೆ ಅಂತ ಇವ್ರು ಹೇಳ್ಲಿ. ಆಮ್ಯಾಕೆ ನಮ್ಮಕ್ಕನ್ನ ನಾವು ಇಡಾನ.”

ರಾಧಾಮಣಿ ಅವನ ಪಕ್ಕದಲ್ಲಿ ಕೂತಳು. ಕದಿರಮ್ಮಜ್ಜಿ ಮೊಣಕಾಲು ಹಿಡಿದುಕೊಂಡು, ಗೊಣಗುತ್ತಾ ಕೂತಳು. ತಮಟೆಯವರು ತಮಟೆ ಕೆಳಗಿಟ್ಟರು. ಹೊತ್ತವರು, ಗುಣಿ ತೋಡಿದವರು, ಹಾಡಿ ಅತ್ತ ಹೆಂಗಸರು, ರಂಗೇಶ, ಒಬ್ಬರಾದ ಮೇಲೊಬ್ಬರು ಕೂತರು. ಡ್ರೈವರು ಇಂಜಿನ್ ಆರಿಸಿದ.

ಮೂರುದಾರಿಯಲ್ಲಿ ನಿಂತೇ ಇದ್ದವನು ಪ್ರಸನ್ನ ಕುಮಾರ್ ಒಬ್ಬನೇ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದ್ದರೂ ಅವನು ತೆಗೆಯಲಿಲ್ಲ. ತೆಗೆಯಲು ಕೈ ಖಾಲಿಯಿರಲಿಲ್ಲ. ಬಲಗೈಯಲ್ಲಿ ಟ್ಯೂಬನ್ನು ನೆಟ್ಟಗೆ ಹಿಡಿದುಕೊಂಡಿದ್ದ. ಅದಕ್ಕೆ ಬಿಸಿಲು ತಾಗದಂತೆ ಎಡಗೈಯನ್ನು ಮೇಲೆ ಮರೆ ಮಾಡಿದ್ದ.